ಬಾತಣ್ಣನಿಗೆ ಬಾರದ ಭಾಷೆ

‘ಅಜ್ಜನಿಗೆ ಅರಳು ಮರಳು. ಹೋದ ಸಲ ಹೇಳಿದಾಗ ಬಾತುಕೋಳಿ ಹಸಿರಾಗಿತ್ತು, ಈಗ ಹಳದಿಯಾಗಿದೆ’ ಎಂದು ಮೊಬೈಲಿನ ನಮ್ಮ ಮನೆಮಂದಿಯ ಗುಂಪಿನಲ್ಲಿ ಬರೆದವರು ಯಾರು ಎಂದು ನನಗೆ ಗೊತ್ತು. ಹೇಳುವುದಿಲ್ಲ, ಮರ್ಯಾದೆ ಉಳಿಯಲಿ. ಬೆಳಿಗ್ಗೆ ಕನ್ನಡಕ ಎಲ್ಲಿಟ್ಟೆ ಎಂಬುದು ನೆನಪಿರುವುದಿಲ್ಲ, ಒಪ್ಪಿದೆ. ಆದರೆ ಆ ಬಾತುಕೋಳಿಯ ಬಣ್ಣ ಸತ್ತರೂ ಮರೆಯುವುದಿಲ್ಲ. ಏಕೆಂದರೆ ಅದನ್ನು ಹೊಲಿದದ್ದು ನನ್ನ ಟವೆಲಿನಿಂದ. ಹೊಚ್ಚ ಹೊಸ ಹಳದಿ ಟವೆಲು. ನಾನು ಬಚ್ಚಲಿನಿಂದ ಟವೆಲು, ಟವೆಲು ಎಂದು ಗಂಟಲು ಹರಿದುಕೊಳ್ಳುತ್ತಿದ್ದರೆ, ಹೊರಗೆ ನನ್ನ ಹೆಂಡತಿ ಮತ್ತು ಅವಳ ತಂಗಿ ಕೂತು ಅದಕ್ಕೆ ಕೊಕ್ಕು ಇಡುತ್ತಿದ್ದರು. ಒದ್ದೆ ಮೈಯಲ್ಲಿ ನಿಂತ ಮನುಷ್ಯ ಬಣ್ಣ ಮರೆಯುತ್ತಾನೆಯೇ?

ನಾನು ಮಾತಾಡಿ ಕಳಿಸಿದ್ದನ್ನು ನೀವು ಎರಡರಷ್ಟು ವೇಗದಲ್ಲಿ ಓಡಿಸಿ ಕೇಳುತ್ತೀರಿ ಎಂಬುದೂ ಗೊತ್ತು. ಅಜ್ಜ ಕೀಚಲು ದನಿಯಲ್ಲಿ ಮಾತಾಡಿದರೆ ನಿಮಗೆ ನಗು. ಬೇರೆ ಕಥೆಗಳನ್ನು ಓಡಿಸಿ, ಹಾರಿಸಿ, ನನಗೇನು. ಇದನ್ನು ಮಾತ್ರ ಅದರ ನಡಿಗೆಯಲ್ಲೇ ಕೇಳಿ. ಇದು ನನ್ನ ನಾದಿನಿಯ ಕಥೆ. ಅವಳು ನನ್ನ ಮನೆಯ ಅಡುಗೆಕೋಣೆಯಲ್ಲಿ ಬಟಾಣಿ ಸುಲಿಯುತ್ತ ಸುಲಿಯುತ್ತ ಹೇಳಿದ್ದು. ಒಂದು ಅಕ್ಷರ ನನ್ನದಲ್ಲ.

ನಾದಿನಿ ಪ್ರೈಮರಿ ಶಾಲೆಯಲ್ಲಿ ಫ್ರೆಂಚ್ ಕಲಿಸುತ್ತಿದ್ದಳು. ಎರಡು ಶಾಲೆಗಳಿಗೆ ಹಂಚಿಹೋದ ಟೀಚರ್. ಈ ಕಥೆ ನಡೆದ ಶಾಲೆಯಲ್ಲಿ ವಾರಕ್ಕೆ ಎರಡು ದಿನ, ಇನ್ನೊಂದರಲ್ಲಿ ಮೂರು ದಿನ. ಎಲ್ಲಿಯೂ ಅವಳಿಗೆ ಸ್ವಂತ ಕಪಾಟಿರಲಿಲ್ಲ. ಬಣ್ಣದ ಕಾಗದ, ರಟ್ಟಿನ ಬೆಕ್ಕು, ಸುತ್ತಿದ ಚಾರ್ಟುಗಳು ಎಲ್ಲವೂ ಹೆಗಲ ಮೇಲಿನ ಚೀಲದಲ್ಲೇ. ಬಸ್ಸಿನಲ್ಲಿ ಅವಳ ಚಾರ್ಟು ಯಾರದೋ ಕಣ್ಣಿಗೆ ಚುಚ್ಚಿ ಬೈಸಿಕೊಳ್ಳದ ದಿನವಿರಲಿಲ್ಲ. ‘ಆರು ವರ್ಷದ ಮಕ್ಕಳಿಗೆ ಫ್ರೆಂಚ್ ಯಾಕಮ್ಮಾ, ಮೂಗು ಸೀಟೋದು ಕಲಿಸು ಮೊದಲು’ ಎಂದು ನಾನು ರೇಗಿಸುತ್ತಿದ್ದೆ. ‘ಅದನ್ನೂ ನಾನೇ ಕಲಿಸ್ತಿದೀನಿ ಭಾವ, ಸಂಬಳ ಮಾತ್ರ ಫ್ರೆಂಚಿಗೆ’ ಎನ್ನುತ್ತಿದ್ದಳು.

ಕಲಿಸುವುದರಲ್ಲಿ ಅವಳಿಗೆ ಅವಳೇ ಸಾಟಿ. ಫ್ರೆಂಚಿನವರ ‘ರ’ ಗಂಟಲಿನ ತಳದಿಂದ ಬರಬೇಕಂತೆ. ಅದಕ್ಕೆ ಅವಳು ಮಕ್ಕಳನ್ನೆಲ್ಲ ನಲ್ಲಿಯ ಹತ್ತಿರ ಸಾಲಾಗಿ ನಿಲ್ಲಿಸಿ ಗಂಟಲು ಮುಕ್ಕಳಿಸುವುದನ್ನು ಅಭ್ಯಾಸ ಮಾಡಿಸುತ್ತಿದ್ದಳು. ತುಟಿ ಶಿಳ್ಳೆ ಹೊಡೆಯುವ ಹಾಗೆ ಮಾಡಿ, ಒಳಗಿನಿಂದ ‘ಈ’ ಅನ್ನಬೇಕು ಎಂದು ಹೇಳಿಕೊಟ್ಟ ದಿನ ಇಡೀ ತರಗತಿ ಮನೆಗೆ ಹೋಗಿ ಊಟದ ತಟ್ಟೆಯ ಮುಂದೆ ಮೂತಿ ಉಬ್ಬಿಸಿ ಕೂತಿತ್ತು. ಅಮ್ಮಂದಿರು ಹಲ್ಲುನೋವೋ ಏನೋ ಎಂದು ಹೆದರಿದ್ದರು.

ಈ ಎಲ್ಲ ವಿದ್ಯೆಗೂ ಮಿಗಿಲಾದದ್ದು ನನ್ನ ಟವೆಲಿನ ಬಾತುಕೋಳಿ. ಕೈ ಒಳಗೆ ತೂರಿಸಿದರೆ ಕುತ್ತಿಗೆ ಆಡಿಸುತ್ತದೆ, ರೆಕ್ಕೆ ಬಡಿಯುತ್ತದೆ, ಕೊಕ್ಕು ತೆರೆಯುತ್ತದೆ. ಮಕ್ಕಳು ಅದಕ್ಕೆ ಬಾತಣ್ಣ ಎಂದು ಹೆಸರಿಟ್ಟಿದ್ದರು. ಬಾತಣ್ಣ ಫ್ರಾನ್ಸಿನಿಂದ ಬಂದವನು. ಅವನಿಗೆ ನಮ್ಮ ಭಾಷೆ ಒಂದಕ್ಷರವೂ ಬಾರದು. ಅವನ ಹತ್ತಿರ ಏನೇ ಕೇಳಬೇಕಾದರೂ ಅವನ ಭಾಷೆಯಲ್ಲೇ ಕೇಳಬೇಕು. ಯಾವುದಾದರೂ ಮಗು ಮರೆತು ನಮ್ಮ ಮಾತಾಡಿದರೆ ಬಾತಣ್ಣ ತಲೆ ವಾರೆ ಮಾಡಿ, ರೆಕ್ಕೆಯನ್ನು ಕಿವಿಗೆ ಹಚ್ಚಿ, ಬೇಜಾರಾಗಿ ಚೀಲದೊಳಗೆ ಇಳಿದುಬಿಡುತ್ತಿದ್ದ. ಇಡೀ ತರಗತಿ ಆ ಮಗುವನ್ನು ಗುರಾಯಿಸುತ್ತಿತ್ತು. ಟೀಚರ್ ಆ ಕಟ್ಟಳೆಯನ್ನು ಎಂದೂ ಮುರಿದವಳಲ್ಲ. ಮಕ್ಕಳ ಮುಂದೆ ಬಾತಣ್ಣನನ್ನು ಬೈಯಬೇಕಾದರೂ ಫ್ರೆಂಚಿನಲ್ಲೇ ಬೈಯುತ್ತಿದ್ದಳು.

ಇನ್ನೊಂದು ಕಟ್ಟಳೆಯಿತ್ತು. ಇದನ್ನು ಚೆನ್ನಾಗಿ ಕೇಳಿಸಿಕೊಳ್ಳಿ, ಕಥೆಯೆಲ್ಲ ಇದರ ಮೇಲೆ ನಿಂತಿದೆ. ಎರಡನೇ ತರಗತಿಗೆ ‘ಎಲ್ಲಿದೆ’ ಎಂಬ ಆಟ. ಮಕ್ಕಳು ಬರುವ ಮೊದಲೇ ಟೀಚರ್ ರಟ್ಟಿನ ಬೆಕ್ಕನ್ನು ಕಪಾಟಿನ ಹಿಂದೆ, ಚೆಂಡನ್ನು ಮೇಜಿನ ಕೆಳಗೆ ಬಚ್ಚಿಡುತ್ತಿದ್ದಳು. ಒಂದು ಮಗು ಎದ್ದು ‘ಊ ಎ ಲ ಶಾ’, ಬೆಕ್ಕು ಎಲ್ಲಿದೆ, ಎಂದು ಕೇಳಬೇಕು. ಬಾತಣ್ಣ ಸುತ್ತಲೂ ನೋಡಿ, ರೆಕ್ಕೆ ಚಾಚಿ, ‘ಲಾ ಬಾ’ ಅನ್ನುತ್ತಾನೆ. ಅಗೋ ಅಲ್ಲಿ ಎಂದು. ಮಗು ಓಡಿಹೋಗಿ ತರುತ್ತದೆ. ಬಾತಣ್ಣ ತೋರಿಸಿದ ಕಡೆ ವಸ್ತು ಇಲ್ಲದಿದ್ದದ್ದು ಎಂದೂ ಆಗಿಲ್ಲ. ಅವನು ಸುಳ್ಳು ತೋರಿಸುವವನಲ್ಲ. ಮಕ್ಕಳಿಗೆ ಅದು ಹಗಲು ರಾತ್ರಿಯಷ್ಟೇ ಖಚಿತ.

ಎರಡನೇ ತರಗತಿಯ ಎ ವಿಭಾಗದಲ್ಲಿ ಒಬ್ಬ ಹುಡುಗಿ. ಅವಳಪ್ಪ ಅವಳನ್ನು ಗಿಲಕಿ ಎಂದು ಕರೆಯುತ್ತಿದ್ದ, ಅದೇ ಶಾಲೆಗೂ ಅಂಟಿಕೊಂಡಿತ್ತು. ಬಾಯಿ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ಆದರೆ ರಜೆ ಕಳೆದು ಶಾಲೆ ತೆರೆದಾಗಿನಿಂದ ಗಿಲಕಿ ಗಿಲಕಿಯಾಗಿರಲಿಲ್ಲ. ಕಿಟಕಿ ಪಕ್ಕದ ಬೆಂಚಿನಲ್ಲಿ ಕೂತು ಬಾತಣ್ಣನನ್ನೇ ಎವೆಯಿಕ್ಕದೆ ನೋಡುತ್ತಿದ್ದಳು. ಹಲ್ಲು ಬೀಳುವ ವಯಸ್ಸು, ನಾಚಿಕೆ ಇರಬಹುದು ಎಂದುಕೊಂಡಳು ಟೀಚರ್. ವಾರಕ್ಕೆ ಎರಡು ದಿನ ಬಂದುಹೋಗುವವಳಿಗೆ ಯಾರು ಏನು ಹೇಳುತ್ತಾರೆ?

ಒಂದು ದಿನ ಕೊನೆಯ ಪಿರಿಯಡ್. ಬೆಕ್ಕು ಸಿಕ್ಕಿತು, ಚೆಂಡು ಸಿಕ್ಕಿತು. ಗಿಲಕಿ ಕೈ ಎತ್ತಿದಳು. ಎದ್ದು ನಿಂತು, ಫ್ರಾಕಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಒಂದೊಂದೇ ಮಾತನ್ನು ಮೇಜಿನ ಮೇಲೆ ಇಟ್ಟ ಹಾಗೆ ಕೇಳಿದಳು.

“ಊ ಎ ಮಮಾಂ?”

ಅಮ್ಮ ಎಲ್ಲಿದ್ದಾಳೆ. ಟೀಚರ್ ಹಿಗ್ಗಿಹೋದಳು. ಕಲಿಸದೆ ಇದ್ದ ಪ್ರಶ್ನೆಯನ್ನು ಮಗು ತಾನೇ ಕಟ್ಟಿದೆಯಲ್ಲ, ಕಲಿಸುವವರಿಗೆ ಇದಕ್ಕಿಂತ ಇನ್ನೇನು ಬೇಕು? ಗಂಟೆ ಹೊಡೆಯುವ ಹೊತ್ತು, ಅಮ್ಮಂದಿರು ಗೇಟಿನ ಹತ್ತಿರ ಬಂದು ನಿಲ್ಲುವ ಹೊತ್ತು. ಬಾತಣ್ಣ ಕುತ್ತಿಗೆ ಉದ್ದ ಮಾಡಿ ಕಿಟಕಿಯಾಚೆ ನೋಡಿದ. ರೆಕ್ಕೆಯನ್ನು ಗೇಟಿನ ಕಡೆ ಚಾಚಿ ಉಲ್ಲಾಸವಾಗಿ ‘ಲಾ ಬಾ’ ಎಂದ.

ಗಿಲಕಿ ನಕ್ಕಳು. ಶಾಲೆ ತೆರೆದ ಮೇಲೆ ಮೊದಲ ಸಲ. ಬಿದ್ದ ಹಲ್ಲಿನ ಜಾಗವೆಲ್ಲ ಕಾಣುವ ಹಾಗೆ. ಗಂಟೆ ಹೊಡೆದದ್ದೇ ತಡ, ಬಿಟ್ಟ ಬಾಣದ ಹಾಗೆ ಹೋದಳು. ನೀರಿನ ಬಾಟಲಿ ಬೆಂಚಿನ ಮೇಲೆಯೇ ಉಳಿಯಿತು.

ಟೀಚರ್ ಚಾರ್ಟು ಸುತ್ತಿ, ಹಲಗೆ ಒರೆಸಿ ಹೊರಗೆ ಬರುವಷ್ಟರಲ್ಲಿ ಅಂಗಳ ಖಾಲಿ. ಗೇಟಿನ ಸರಳುಗಳ ನಡುವೆ ಮುಖ ತೂರಿಸಿಕೊಂಡು ಗಿಲಕಿ ಒಬ್ಬಳೇ ನಿಂತಿದ್ದಳು.

“ಯಾಕೆ ಪುಟ್ಟಾ, ಯಾರೂ ಬಂದಿಲ್ವಾ?”

“ಬಂದಿದಾಳೆ ಮಿಸ್. ಬಾತಣ್ಣ ತೋರಿಸ್ದ ಅಲ್ವಾ. ನಂಗೇ ಕಾಣಿಸ್ತಿಲ್ಲ. ನಿಮಗೆ ಕಾಣಿಸ್ತಿದಾಳಾ?”

ಅಷ್ಟರಲ್ಲಿ ಅವಳಪ್ಪ ಬಂದ. ಲಿಫ್ಟ್ ರಿಪೇರಿಯವನು. ಸೊಂಟಕ್ಕೆ ಸ್ಪ್ಯಾನರಿನ ಪಟ್ಟಿ, ಉಗುರಿನ ಸಂದಿಯಲ್ಲೆಲ್ಲ ಗ್ರೀಸು. ಮಗಳನ್ನು ಬಾಟಲಿ ತರಲು ಒಳಗೆ ಕಳಿಸಿ, ಅವಳು ಮೆಟ್ಟಿಲು ಹತ್ತುವವರೆಗೂ ಕಾದ.

“ಮೇಡಂ, ಅವಳಮ್ಮ ಇಲ್ಲ.”

“ಊರಲ್ಲಿಲ್ವಾ?”

“ಎಲ್ಲೂ ಇಲ್ಲ. ರಜೇಲಿ ತೀರ್ಕೊಂಡ್ಲು. ಆಫೀಸಲ್ಲಿ ಹೇಳಿದೀನಿ, ಕ್ಲಾಸ್ ಟೀಚರಿಗೂ ಗೊತ್ತು. ಮಗೂಗೆ ಗೊತ್ತಿಲ್ಲ.”

ಟೀಚರ್ ತನ್ನ ಕೈಯನ್ನು ನೋಡಿಕೊಂಡಳು. ಈಗಷ್ಟೇ ಗೇಟಿನ ಕಡೆ ಚಾಚಿದ ಕೈ ಅವಳದೇ.

ಅವನು ಹೇಳುತ್ತ ಹೋದ. ಆಸ್ಪತ್ರೆಯಿಂದ ಬರಿಗೈಯಲ್ಲಿ ಮನೆಗೆ ಬಂದಾಗ ಮಗು ಬಾಗಿಲಲ್ಲೇ ನಿಂತು ಅಮ್ಮ ಎಲ್ಲಿ ಎಂದಿತ್ತು. ಎದುರಿಗೆ ಗೋಡೆಯ ಮೇಲೆ ಮಗುವೇ ಬರೆದು ಅಂಟಿಸಿದ್ದ ಹಳದಿ ಬಾತುಕೋಳಿಯ ಚಿತ್ರ. “ಬಾಯಿಗೆ ಅದೇ ಬಂತು ಮೇಡಂ. ಫ್ರಾನ್ಸಿಗೆ ಕೆಲ್ಸಕ್ಕೆ ಹೋದ್ಲು ಅಂದ್ಬಿಟ್ಟೆ. ಇನ್ಯಾವ ಊರೂ ನೆನಪಾಗ್ಲಿಲ್ಲ. ಆವತ್ತಿಂದ ನಿಮ್ಮ ಪಾಠ ಒಂದೇ ಅವಳಿಗೆ ಪಾಠ. ಉಣ್ಣಲ್ಲ, ನಿದ್ದೆಯಿಲ್ಲ, ಮಂಚದ ಮೇಲೆ ಕೂತು ಬೆಕ್ಕು ಎಲ್ಲಿ, ಚೆಂಡು ಎಲ್ಲಿ ಅಂತ ಫ್ರೆಂಚಲ್ಲಿ ಅಂತಿರ್ತಾಳೆ.”

“ಹೇಳ್ಬೇಕಲ್ವಾ ನೀವು?”

“ಹೇಳ್ತೀನಿ. ನನಗೇ ಇನ್ನೂ ಯಾರೂ ಸರಿಯಾಗಿ ಹೇಳಿಲ್ಲ ಅನ್ನಿಸ್ತಿದೆ ಮೇಡಂ. ಸ್ವಲ್ಪ ಟೈಮ್ ಕೊಡಿ. ಅಷ್ಟರವರೆಗೂ ನಿಮ್ಮ ಬಾತುಕೋಳಿ ಹತ್ರ ಒಂದ್ಮಾತು ಹೇಳ್ಸಿ. ಅಮ್ಮ ಅಲ್ಲಿದಾಳೆ, ಚೆನ್ನಾಗಿದಾಳೆ ಅಂತ. ಅದು ಹೇಳಿದ್ರೆ ನಂಬ್ತಾಳೆ. ನಾನು ಹೇಳಿದ್ರೆ ನನ್ನ ಮುಖ ನೋಡ್ತಾಳೆ.”

ಗಿಲಕಿ ಬಾಟಲಿ ಹಿಡಿದು ಓಡಿಬಂದಳು. ಮಾತು ಅಲ್ಲಿಗೇ ನಿಂತಿತು. ಟೀಚರ್ ಹೂಂ ಎನ್ನಲೂ ಇಲ್ಲ, ಊಹೂಂ ಎನ್ನಲೂ ಇಲ್ಲ. ನನ್ನ ಪ್ರಕಾರ ಊಹೂಂ ಅನ್ನದಿದ್ದರೆ ಹೂಂ ಅಂದ ಹಾಗೆಯೇ. ನನ್ನ ಮದುವೆಯೂ ಹಾಗೆಯೇ ಆದದ್ದು, ಅದಿರಲಿ.

ಮುಂದಿನ ಪಾಠದ ದಿನ ಗಿಲಕಿ ಮತ್ತೆ ಎದ್ದು ಅದೇ ಪ್ರಶ್ನೆ ಕೇಳಿದಳು. ಈ ಸಲ ಬಾತಣ್ಣ ಗೇಟನ್ನು ತೋರಿಸಲಿಲ್ಲ. ಎದುರು ಸಾಲಿನ ಮನೆಗಳ ಚಾವಣಿ ದಾಟಿ, ಬಟ್ಟೆ ಒಣಗಿಸುವ ತಂತಿಗಳನ್ನು ದಾಟಿ, ದೂರದ ಆಕಾಶದ ಕಡೆಗೆ ರೆಕ್ಕೆ ಚಾಚಿದ. ‘ಲಾ ಬಾ’ ಎಂದ. ಆಮೇಲೆ ‘ಸಾ ವಾ’, ಚೆನ್ನಾಗಿದ್ದಾಳೆ, ಎಂದ. ಎಂದೂ ಸುಳ್ಳು ತೋರಿಸದ ಬಾತಣ್ಣ ತೋರಿಸಿದ ಮೊದಲ ಸುಳ್ಳು ಅದು. ಗಿಲಕಿ ಸಮಾಧಾನವಾಗಿ ಕೂತಳು. ಆ ಮಧ್ಯಾಹ್ನ ಡಬ್ಬಿಯ ಊಟವನ್ನೆಲ್ಲ ಉಂಡಳು ಎಂದು ಕ್ಲಾಸ್ ಟೀಚರ್ ತಾನಾಗಿಯೇ ಬಂದು ಹೇಳಿ, ‘ಏನು ಮಂತ್ರ ಹಾಕಿದ್ರಿ’ ಎಂದಳು.

ಪಾಠ ಮುಗಿದ ಮೇಲೆ ಮಕ್ಕಳೆಲ್ಲ ಸಾಲಾಗಿ ಬಂದು ಬಾತಣ್ಣನ ರೆಕ್ಕೆ ಕುಲುಕಿ ‘ಓ ರೆವ್ವಾರ್’, ಹೋಗಿ ಬರ್ತೀನಿ, ಎಂದು ಹೇಳಿ ಹೋಗುವುದು ರೂಢಿ. ಗಿಲಕಿ ಸಾಲಿನ ಕೊನೆಯಲ್ಲಿ ನಿಲ್ಲತೊಡಗಿದಳು. ಎಲ್ಲರೂ ಹೋದ ಮೇಲೆ ಅವನ ಬಟ್ಟೆಯ ಕಿವಿಗೆ ಬಾಯಿಟ್ಟು ಅಮ್ಮನಿಗೆ ಹೇಳಬೇಕಾದದ್ದನ್ನು ‘ಮಮಾಂ’ ಎಂದು ಶುರುಮಾಡಿ ಪಿಸುಗುಟ್ಟುತ್ತಿದ್ದಳು. ಏನು ಹೇಳುತ್ತಾಳೆ ಪಾಪ? ಅವಳಿಗೆ ಬರುವ ಫ್ರೆಂಚ್ ಎಷ್ಟು? ಕೆಂಪು. ನೀಲಿ. ಬೆಕ್ಕು. ಬ್ರೆಡ್ಡು. ಒಂದು, ಎರಡು, ಮೂರು. ಕಿಟಕಿ. ಇಷ್ಟನ್ನೇ, ಬೇರೆ ಯಾರಾದರೂ ಚಿನ್ನ, ಕಂದಾ, ಬಂಗಾರ ಎನ್ನುವ ದನಿಯಲ್ಲಿ ಹೇಳುತ್ತಿದ್ದಳು. ಮಗುವಿನ ಬಿಸಿಯುಸಿರು ಟವೆಲನ್ನು ದಾಟಿ ಟೀಚರಿನ ಮಣಿಕಟ್ಟಿಗೆ ತಾಗುತ್ತಿತ್ತು. ‘ಭಾವ, ಸುಟ್ಟ ಹಾಗಾಗ್ತಿತ್ತು’ ಎಂದು ನನ್ನ ಹತ್ತಿರ ಕೈ ಚಾಚಿ ತೋರಿಸಿದ್ದಳು, ಈಗಲೂ ಅಲ್ಲಿ ಏನೋ ಕಲೆ ಇದೆಯೇನೋ ಎಂಬಂತೆ.

ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಮಗು ದುಂಡಗಾಗುತ್ತಿತ್ತು. ಗಿಲಕಿ ಮತ್ತೆ ಗಲಗಲ ಎನ್ನುತ್ತಿದ್ದಳು. ಮುಕ್ಕಳಿಸುವ ‘ರ’ ಇಡೀ ತರಗತಿಯಲ್ಲಿ ಅವಳದೇ ಚೆನ್ನ. ಇದನ್ನೆಲ್ಲ ಕೆಡಿಸುವುದಕ್ಕೆ ಯಾರಿಗೆ ಮನಸ್ಸು ಬಂದೀತು?

ಅಷ್ಟರಲ್ಲಿ ಹೊಸ ಪಾಠ ಬಂತು. ವಾರದ ದಿನಗಳು, ಜೊತೆಗೆ ‘ಯಾವಾಗ’ ಎಂಬ ಪ್ರಶ್ನೆ. ಏಳು ಜೇಬಿನ ಬಟ್ಟೆಯ ಚಾರ್ಟು, ಜೇಬಿನಿಂದ ಜೇಬಿಗೆ ಹಾರುವ ಕಾಗದದ ಸೂರ್ಯ. ಬಾತಣ್ಣ ಯಾವಾಗ ಈಜುತ್ತಾನೆ? ಮಂಗಳವಾರ. ಬಾತಣ್ಣ ಯಾವಾಗ ಸ್ನಾನ ಮಾಡುತ್ತಾನೆ? ಭಾನುವಾರ. ಮಕ್ಕಳಿಗೆ ಅಚ್ಚುಮೆಚ್ಚಿನ ಪಾಠ. ಟೀಚರ್ ಬಿ ವಿಭಾಗದಲ್ಲಿ ಅದನ್ನು ಮಾಡಿ ಮುಗಿಸಿ, ಚಾರ್ಟನ್ನು ತೆಗೆದುಕೊಂಡು ಎ ವಿಭಾಗದ ಬಾಗಿಲಿಗೆ ಬಂದಳು. ಕಿಟಕಿಯ ಪಕ್ಕ ಗಿಲಕಿ ಕೂತಿದ್ದಳು. ಈ ಮಗುವಿನ ಕೈಗೆ ‘ಯಾವಾಗ’ ಎಂಬ ಮಾತು ಸಿಕ್ಕಿದರೆ ಮೊದಲು ಏನು ಕೇಳುತ್ತದೆ ಎಂದು ಟೀಚರಿಗೆ ತಟ್ಟನೆ ಹೊಳೆಯಿತು. ಅವಳು ಚಾರ್ಟನ್ನು ಬಾಗಿಲಾಚೆಯ ಗೋಡೆಗೆ ಒರಗಿಸಿಟ್ಟು ಒಳಗೆ ಬಂದಳು. ಮಕ್ಕಳಿಗೆ ಕಣ್ಣು ಮುಚ್ಚಲು ಹೇಳಿ ಮತ್ತೆ ಬೆಕ್ಕನ್ನೇ ಬಚ್ಚಿಟ್ಟಳು.

ಊಹಿಸಿ ನೋಡಿ. ಕಳ್ಳನಿಗೆ ಬೀಗ ಹಾಕುವವರನ್ನು ನೋಡಿದ್ದೇವೆ, ಅನ್ನಕ್ಕೆ ಬೀಗ ಹಾಕುವ ಅತ್ತೆಯರನ್ನೂ ನೋಡಿದ್ದೇವೆ. ಒಂದು ಮಗು ಪ್ರಶ್ನೆ ಕೇಳಬಾರದೆಂದು ಇಡೀ ತರಗತಿಯಿಂದ ಒಂದು ಮಾತನ್ನೇ ಬಚ್ಚಿಟ್ಟ ಟೀಚರನ್ನು ನಾನು ಬೇರೆಲ್ಲೂ ಕಂಡಿಲ್ಲ. ವಾರಗಟ್ಟಲೆ ಎ ವಿಭಾಗ ಬೆಕ್ಕನ್ನೇ ಹುಡುಕಿತು.

“ಮಿಸ್, ಇವತ್ತೂ ಬೆಕ್ಕಾ?”

“ಹೂಂ, ಇವತ್ತೂ ಬೆಕ್ಕೇ.”

“ಅದಕ್ಕೆ ಬೇರೆ ಕೆಲ್ಸ ಇಲ್ವಾ ಮಿಸ್, ಯಾವಾಗ್ಲೂ ಕಪಾಟಿನ ಹಿಂದೇನೇ ಇರುತ್ತೆ?”

ದೊಡ್ಡ ಮೇಡಂ, ಎಂದರೆ ಮುಖ್ಯೋಪಾಧ್ಯಾಯಿನಿ, ಒಂದು ದಿನ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, “ಬಿ ವಿಭಾಗ ವಾರ ಪೂರ್ತಿ ಮುಗಿಸಿದೆ, ನಿಮ್ಮ ಎ ವಿಭಾಗಕ್ಕೆ ಇನ್ನೂ ಬೆಕ್ಕೇ ಸಿಕ್ಕಿಲ್ವಲ್ರೀ” ಎಂದು ನಕ್ಕು ಹೋದರು. ಟೀಚರ್ ನಾಲಿಗೆ ಕಚ್ಚಿಕೊಂಡಳು.

ನನ್ನ ಹೆಂಡತಿಗೆ ಈ ವಿಷಯ ಗೊತ್ತಾದ ದಿನ ನಮ್ಮ ಅಡುಗೆಕೋಣೆಯಲ್ಲಿ ಬಟಾಣಿಗಿಂತ ಜೋರಾಗಿ ಮಾತು ಸಿಡಿಯಿತು.

“ನೀನು ಮಾಡ್ತಿರೋದು ಪಾಠಾನೋ ಪಹರೇನೋ?”

“ನಾನೇನು ಮಾಡ್ಲಿ ಅಕ್ಕಾ? ಹೇಳೋ ಹಕ್ಕು ಅವರಪ್ಪಂದು.”

“ಸುಳ್ಳು ಹೇಳೋ ಹಕ್ಕು ನಿಂಗೆ ಯಾರು ಕೊಟ್ರು ಮತ್ತೆ?”

“ಬಾತುಕೋಳಿ ಹೇಳಿದ್ದು ಅದು.”

“ಬಾತುಕೋಳಿ ನಿನ್ನ ಗಂಡನ ಮನೆಯಿಂದ ಬಂದಿದ್ದಲ್ಲ ಕಣೇ, ನನ್ನ ಗಂಡನ ಟವೆಲು ಅದು. ಅದರೊಳಗಿರೋ ಕೈ ನಿಂದು.”

ನಾದಿನಿ ಅರ್ಧ ಸುಲಿದ ಬಟಾಣಿ ಹಾಗೇ ಬಿಟ್ಟು ಎದ್ದು ಹೋದಳು. ಹೋದದ್ದು ಗಿಲಕಿಯ ಅಪ್ಪ ಕೆಲಸ ಮಾಡುತ್ತಿದ್ದ ಕಟ್ಟಡಕ್ಕೆ. ಮೇಲಿನ ಮಹಡಿಯಲ್ಲಿ ಲಿಫ್ಟಿನ ಯಂತ್ರದ ಕೋಣೆ. ಎಣ್ಣೆಯ ವಾಸನೆ, ದಪ್ಪ ಉಕ್ಕಿನ ಹಗ್ಗಗಳು ನೆಲದ ತೂತಿನೊಳಗೆ ಇಳಿದಿದ್ದವು. ಅವನು ಮಂಡಿಯೂರಿ ಬ್ರೇಕಿನ ತಿರುಪು ಬಿಗಿಮಾಡುತ್ತಿದ್ದ.

“ನೀವು ಯಾವಾಗ ಹೇಳ್ತೀರಿ?” ಎಂದಳು. ಮಗುವಿಗೆ ಕೊಡದೆ ಇಟ್ಟುಕೊಂಡ ಮಾತನ್ನು ತಾನೇ ಆಡುತ್ತಿದ್ದೇನೆಂದು ಆಗ ಗೊತ್ತಾಗಿ ಅವಳ ದನಿ ಬಿದ್ದುಹೋಯಿತು.

“ಅವಳ ಹುಟ್ಟಿದ ಹಬ್ಬ ಕಳೀಲಿ ಮೇಡಂ.”

“ಹೋದ ಸಲ ಜ್ವರ ಕಳೀಲಿ ಅಂದ್ರಿ.”

ಅವನು ಸ್ಪ್ಯಾನರನ್ನು ಕೆಳಗಿಟ್ಟ. “ಮೇಡಂ, ಲಿಫ್ಟ್ ಮಧ್ಯದಲ್ಲಿ ಸಿಕ್ಕಾಕೊಂಡವರಿಗೆ ನಾವು ಏನು ಹೇಳ್ತೀವಿ ಗೊತ್ತಾ? ಐದೇ ನಿಮಿಷ ಅಂತೀವಿ. ಗಂಟೆ ಆಗೋದಿದ್ರೂ ಐದೇ ನಿಮಿಷ. ಇಲ್ದಿದ್ರೆ ಒಳಗಿರೋರು ಬಾಗಿಲು ಒಡ್ಕೊಂಡು ಹಾರ್ತಾರೆ. ನಾನು ಮಗೂಗೂ ಅದನ್ನೇ ಹೇಳ್ತಿದೀನಿ.”

“ಆದ್ರೆ ಲಿಫ್ಟಿನ ಬಾಗಿಲು ನೀವು ಕೊನೆಗೆ ತೆಗೀತೀರಲ್ಲ.”

ಕೆಳಗೆಲ್ಲೋ ಯಾರೋ ಗುಂಡಿ ಒತ್ತಿದರು, ಹಗ್ಗಗಳು ನಡುಗಿ ಓಡತೊಡಗಿದವು. ಅವನು ಬೆನ್ನು ತಿರುಗಿಸಿಕೊಂಡು ಅವು ಓಡುವುದನ್ನೇ ನೋಡುತ್ತ ನಿಂತ. ಆ ಬೆನ್ನನ್ನು ನೋಡಿದ ಮೇಲೆ ಟೀಚರ್ ಮೆಟ್ಟಿಲಿಳಿದು ಬಂದುಬಿಟ್ಟಳು.

ಆದರೆ ಮಾತಿಗೆ ಬೀಗ ಹಾಕಿದವರುಂಟೇ? ಬಿ ವಿಭಾಗದ ಮಕ್ಕಳೂ ಎ ವಿಭಾಗದ ಮಕ್ಕಳೂ ನೀರು ಕುಡಿಯುವುದು ಒಂದೇ ನಲ್ಲಿಯಲ್ಲಿ. ಗಿಲಕಿ ಸ್ಟ್ರಾಬೆರಿ ವಾಸನೆಯ ತನ್ನ ರಬ್ಬರನ್ನು ಬಿ ವಿಭಾಗದ ಹುಡುಗಿಯೊಬ್ಬಳಿಗೆ ಕೊಟ್ಟು ಆ ಮಾತನ್ನು ಕೊಂಡುಕೊಂಡಳು. ರಬ್ಬರಿನ ಜೊತೆಗೆ ಪೆನ್ಸಿಲನ್ನೂ ಕೊಟ್ಟದ್ದಕ್ಕೆ ಏಳು ದಿನಗಳೂ ಸಿಕ್ಕವು. ಸಿಕ್ಕದ್ದನ್ನು ಅವಳು ತಾನೊಬ್ಬಳೇ ಇಟ್ಟುಕೊಳ್ಳುವವಳಲ್ಲ, ಗಿಲಕಿಯಲ್ಲವೇ. ಎರಡು ದಿನಗಳಲ್ಲಿ ಇಡೀ ಎ ವಿಭಾಗದ ಬಾಯಲ್ಲಿ ವಾರ ಕುಣಿಯುತ್ತಿತ್ತು, ಟೀಚರೊಬ್ಬಳಿಗೆ ಮಾತ್ರ ಅದು ಗೊತ್ತಿರಲಿಲ್ಲ. ಅವಳು ಆ ದಿನಗಳಲ್ಲಿ ಇನ್ನೊಂದು ಶಾಲೆಯಲ್ಲಿದ್ದಳು.

ಮತ್ತೆ ಕೊನೆಯ ಪಿರಿಯಡ್. ಬೆಕ್ಕು ಸಿಕ್ಕಿತು. ಗಿಲಕಿ ಎದ್ದಳು. ಮುಖದಲ್ಲಿ, ಯಾರಿಗೋ ಉಡುಗೊರೆ ತಂದು ಬೆನ್ನ ಹಿಂದೆ ಬಚ್ಚಿಟ್ಟುಕೊಂಡವರ ನಗು.

“ಮಮಾಂ... ಕಾಂ?”

ಅಮ್ಮ, ಯಾವಾಗ.

ಬಾತಣ್ಣ ಅಲ್ಲಾಡಲಿಲ್ಲ. ಟೀಚರಿನ ಕೈಬೆರಳುಗಳು ಟವೆಲಿನೊಳಗೆ ಮರಗಟ್ಟಿದ್ದವು. ಬಾತಣ್ಣನಿಗೆ ತನ್ನ ಉಚ್ಚಾರಣೆ ತಿಳಿಯಲಿಲ್ಲವೇನೋ ಎಂದುಕೊಂಡಳು ಗಿಲಕಿ. ಕನಿಕರದಿಂದ, ಚಿಕ್ಕ ಮಕ್ಕಳಿಗೆ ತುತ್ತು ಮಾಡಿಕೊಟ್ಟ ಹಾಗೆ, ತಾನೇ ಒಂದೊಂದು ದಿನವನ್ನು ಮುಂದಿಟ್ಟಳು.

“ಲೆಂದಿ?”

ಸೋಮವಾರವಾ? ಬಾತಣ್ಣ ಮೆಲ್ಲಗೆ ತಲೆಯಾಡಿಸಿದ. ಅಲ್ಲ.

“ಮಾರ್ದಿ?” ಈ ಸಲ ಎರಡು ಮೂರು ಮಕ್ಕಳು ದನಿಗೂಡಿಸಿದರು. ಹೊಸ ಆಟ ಸಿಕ್ಕಿತೆಂದು ಅವರಿಗೆ ಹಿಗ್ಗು. ಬಾತಣ್ಣ ತಲೆಯಾಡಿಸಿದ. ಬುಧವಾರಕ್ಕೆ ಅರ್ಧ ತರಗತಿ ಕೂಗಿತು. ಗುರುವಾರಕ್ಕೆ ಇಡೀ ತರಗತಿ ಬೆಂಚು ಬಡಿಯುತ್ತಿತ್ತು. ಶುಕ್ರವಾರ, ಅಲ್ಲ. ಶನಿವಾರ, ಅಲ್ಲ. ಪ್ರತಿ ದಿನಕ್ಕೂ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಗಿಲಕಿಯೂ ನಗುತ್ತಿದ್ದಳು, ಏಕೆಂದರೆ ಅವಳಿಗೆ ಲೆಕ್ಕ ಗೊತ್ತಿತ್ತು, ಒಂದು ಇನ್ನೂ ಉಳಿದಿತ್ತು.

“ದಿಮಾಂಶ್!” ಎಂದು ಇಡೀ ತರಗತಿ ಚೀರಿತು.

ಭಾನುವಾರ. ಬಾತಣ್ಣ ತಲೆಯಾಡಿಸಿದ.

ಏಳೂ ಮುಗಿದವು. ಎಂಟನೆಯ ದಿನ ಯಾವ ಭಾಷೆಯಲ್ಲೂ ಇಲ್ಲ. ಗಂಟೆ ಹೊಡೆಯಿತು, ಮಕ್ಕಳು ರೆಕ್ಕೆ ಕುಲುಕುವುದನ್ನೂ ಮರೆತು ಲೆಂದಿ, ಮಾರ್ದಿ ಎಂದು ಕೂಗುತ್ತ ಓಡಿದರು. ಗಿಲಕಿ ನಿಂತಲ್ಲೇ ನಿಂತಿದ್ದಳು. ಬೆರಳುಗಳನ್ನು ಮಡಿಸಿ ಮತ್ತೆ ಎಣಿಸುತ್ತಿದ್ದಳು, ಎಲ್ಲೋ ಒಂದು ದಿನವನ್ನು ಬಿಟ್ಟಿದ್ದೇನೆ ಎನ್ನುವ ಹಾಗೆ.

ಟೀಚರ್ ಅವಳ ಎದುರಿನ ಪುಟ್ಟ ಬೆಂಚಿನ ಮೇಲೆ ಕೂತಳು. ಕೈಯಿಂದ ಬಾತಣ್ಣನನ್ನು ತೆಗೆಯಬೇಕೆಂದುಕೊಂಡಳು. ತೆಗೆದರೆ ತನಗೆ ಹೇಳುವ ಧೈರ್ಯ ಉಳಿಯುವುದಿಲ್ಲ ಎಂದು ತೆಗೆಯಲಿಲ್ಲ. ಬಾತಣ್ಣ ಬಗ್ಗಿ, ಕೊಕ್ಕನ್ನು ಮಗುವಿನ ಕೆನ್ನೆಗೆ ತಾಗಿಸಿ, ಮೊಟ್ಟಮೊದಲ ಸಲ ನಮ್ಮ ಭಾಷೆಯಲ್ಲಿ ಮಾತಾಡಿದ.

“ಅಮ್ಮ ಬರಲ್ಲ ಕಂದಾ. ಫ್ರಾನ್ಸಲ್ಲಿ ಇಲ್ಲ. ಅಮ್ಮ ಆಸ್ಪತ್ರೇಲೇ ತೀರ್ಕೊಂಡ್ಲು.”

ಗಿಲಕಿ ಅಳಲಿಲ್ಲ. ಬಾತಣ್ಣನ ಗುಂಡಿಯ ಕಣ್ಣುಗಳನ್ನೇ ನೋಡಿದಳು.

“ನಿಂಗೆ ನಮ್ಮ ಭಾಷೆ ಬರುತ್ತಾ?”

“ಬರುತ್ತೆ.”

“ಮೊದಲಿಂದ್ಲೂ ಬರ್ತಿತ್ತಾ?”

“ಮೊದಲಿಂದ್ಲೂ.”

“ಮತ್ತೆ ನಾನು ಅಷ್ಟು ಕಷ್ಟಪಟ್ಟು ಕಲಿತೆ ಅಲ್ವಾ,” ಎಂದಳು. “ಹಾಗೇ ಹೇಳ್ಬೋದಿತ್ತಲ್ಲ.”

ಬಾತಣ್ಣನ ತಲೆ ಬಾಗಿತು.

“ಅಮ್ಮ ಹೋಗಿ ಬರ್ತೀನಿ ಅಂದಿದ್ಲು,” ಎಂದು ಗಿಲಕಿ ಮೆಲ್ಲಗೆ, ಯಾರಿಗೋ ಚಾಡಿ ಹೇಳುವ ದನಿಯಲ್ಲಿ ಹೇಳಿದಳು.

ಬಾಗಿಲಲ್ಲಿ ಅವಳಪ್ಪ ನಿಂತಿದ್ದ. ಅಂಗಳದಲ್ಲಿ ಕಾಣಲಿಲ್ಲವೆಂದು ಹುಡುಕಿಕೊಂಡು ಮೇಲೆ ಬಂದವನು. ಎಷ್ಟು ಕೇಳಿಸಿಕೊಂಡನೋ, ಮುಖ ಬೂದಿಯಾಗಿತ್ತು. ಮಗಳು ಅವನನ್ನು ನೋಡಿ ಒಂದೇ ಮಾತು ಕೇಳಿದಳು. “ಅಪ್ಪಾ, ನಿಂಗೂ ಗೊತ್ತಿತ್ತಾ?” ಅವನು ಹೊಸ್ತಿಲ ಮೇಲೆ ಕುಸಿದು ಕೂತ. ಸೊಂಟದ ಸ್ಪ್ಯಾನರುಗಳು ನೆಲಕ್ಕೆ ತಾಗಿ ಸದ್ದಾಯಿತು. ಆಗ ಗಿಲಕಿ ಅತ್ತಳು. ಅಮ್ಮನಿಗೋ, ಅಪ್ಪ ಹಾಗೆ ಕೂತದ್ದಕ್ಕೋ, ಯಾರು ಬಲ್ಲರು. ಅವನು ಅವಳನ್ನು ಎದೆಗೆ ಅವುಚಿಕೊಂಡು, ಟೀಚರಿನ ಮುಖ ನೋಡದೆ, “ನಾನು ಹೇಳ್ಬೇಕಾಗಿತ್ತು ಮೇಡಂ, ನಾನು” ಎಂದ. ಅದು ಬೈಗುಳವೋ ತಪ್ಪೊಪ್ಪಿಗೆಯೋ ಎಂದು ನಾದಿನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಹೋಗುವಾಗ ಅಪ್ಪನ ಹೆಗಲ ಮೇಲಿನಿಂದ ಗಿಲಕಿ ತಲೆಯೆತ್ತಿದಳು. ಟೀಚರ್ ಅಭ್ಯಾಸಬಲದಿಂದ ಬಾತಣ್ಣನ ರೆಕ್ಕೆ ಮುಂದೆ ಚಾಚಿದ್ದಳು. ಮಗು ಅದನ್ನು ಮುಟ್ಟಲಿಲ್ಲ. ಓ ರೆವ್ವಾರ್ ಎನ್ನಲಿಲ್ಲ. ನಮ್ಮ ಭಾಷೆಯಲ್ಲೇ, ಸ್ಪಷ್ಟವಾಗಿ, “ಹೋಗ್ತೀನಿ” ಎಂದಳು.

ನಮ್ಮಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ಹೋಗಿ ಬರ್ತೀನಿ ಎನ್ನುತ್ತೇವೆ. ಬರೀ ಹೋಗ್ತೀನಿ ಎಂದರೆ ಹಿರಿಯರು ಗದರುತ್ತಾರೆ. ಆ ಮಗುವಿಗೂ ಅದು ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದು.

ಅವರು ಆ ವರ್ಷವೇ ಬೇರೆ ಊರಿಗೆ ಹೋದರು. ನಾದಿನಿ ಆಮೇಲೂ ಬಹಳ ಕಾಲ ಫ್ರೆಂಚ್ ಕಲಿಸಿದಳು. ಚಾರ್ಟು ಇತ್ತು, ಹಾಡು ಇತ್ತು, ಬೆಕ್ಕೂ ಇತ್ತು. ಬಾತಣ್ಣ ಮಾತ್ರ ಚೀಲದಿಂದ ಹೊರಗೆ ಬರಲಿಲ್ಲ. ‘ಮಕ್ಕಳು ಮೊದಲಿನ ಹಾಗೆ ಬೇಗ ಕಲಿಯಲ್ಲ ಭಾವ’ ಎನ್ನುತ್ತಿದ್ದಳು. ‘ಆದ್ರೆ ಏನು ಕೇಳ್ಬೇಕೋ ಅದನ್ನ ಯಾವ ಭಾಷೇಲಿ ಬೇಕಾದ್ರೂ ಕೇಳ್ತಾರೆ. ಸಾಕು.’ ವಾರದ ದಿನಗಳ ಪಾಠವನ್ನು ಎರಡೂ ವಿಭಾಗಕ್ಕೆ ಒಂದೇ ದಿನ ಮಾಡುತ್ತಿದ್ದಳು, ಎಷ್ಟೇ ಕಷ್ಟವಾದರೂ.

ಈಗ ನಾದಿನಿಯೂ ಇಲ್ಲ. ಚೀಲ ನನ್ನ ಮನೆಗೆ ಬಂದಿದೆ. ನನ್ನ ಟವೆಲು ನನಗೇ ವಾಪಸು ಬಂತು, ಆದರೆ ಅದರಲ್ಲಿ ತಲೆ ಒರೆಸಿಕೊಳ್ಳುವ ಹಾಗಿಲ್ಲ. ಒಂದು ಕಣ್ಣಿನ ಗುಂಡಿ ಬಿದ್ದಿದೆ. ಹಳದಿ ಮಾಸಿದೆ, ಆದರೂ ಹಳದಿಯೇ. ಹಸಿರಲ್ಲ, ಬರೆದುಕೊಳ್ಳಿ.

ಒಂದು ಕೆಲಸ ಮಾಡಿ. ಇದನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ, ಮುಂದಕ್ಕೆ ಕಳಿಸಿ. ಅವರು ಇ‌ನ್ನೊಬ್ಬರಿಗೆ ಕಳಿಸಲಿ. ಗಿಲಕಿ ಎಂದು ಅಪ್ಪ ಕರೆಯುತ್ತಿದ್ದ ಒಬ್ಬ ಹೆಂಗಸು ಎಲ್ಲೋ ಇದ್ದಾಳೆ, ಈಗ ಅವಳಿಗೇ ಮಕ್ಕಳಿರಬಹುದು. ಅವಳಿಗೆ ಇದು ತಲುಪಿದರೆ, ಬಾತಣ್ಣ ನನ್ನ ಕಪಾಟಿನಲ್ಲಿದ್ದಾನೆ ಎಂದು ತಿಳಿಸಿ. ಬಂದು ಏನು ಬೇಕಾದರೂ ಕೇಳಲಿ, ಯಾವ ಭಾಷೆಯಲ್ಲಾದರೂ ಕೇಳಲಿ. ಅವನೊಳಗೆ ಈಗ ಯಾರ ಕೈಯೂ ಇಲ್ಲ. ಬೈಯಬೇಕೆನ್ನಿಸಿದರೂ ಬೈಯಲಿ. ಹೊರಡುವಾಗ ಮಾತ್ರ ಹೋಗಿ ಬರ್ತೀನಿ ಎಂದು ಹೇಳಿಹೋಗಲಿ, ಅಷ್ಟು ಸಾಕು.